ಪಾಸ್ ಕೊಟ್ಟವರ ಹೆಸರು

ನಮ್ಮ ಮನೆಯ ಫ್ರೀಜರ್‌ನಲ್ಲಿ ಐಸ್ ಟ್ರೇ ಪಕ್ಕ ಒಂದು ಕರೀ ರಬ್ಬರ್ ಬಿಲ್ಲೆ ಇರುತ್ತದೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ. ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದ್ದೇನೆ, 165 ಗ್ರಾಂ. ಅದು ಐಸ್ ಹಾಕಿಯ ಪಕ್. ನಮ್ಮ ಹಾಕಿಯಲ್ಲಿ ಚೆಂಡು ಮಾಡುವ ಕೆಲಸವನ್ನು ಅವರ ಹಾಕಿಯಲ್ಲಿ ಇದು ಮಾಡುತ್ತದೆ.

ತೋರಣಗಲ್ಲಿನ ಕಾರ್ಖಾನೆಯಲ್ಲಿ ನಾನು ರೋಲ್ ಶಾಪಿನವನು. ಉಕ್ಕನ್ನು ಒತ್ತಿ ಹಾಳೆ ಮಾಡುವ ಭಾರಿ ರೋಲ್‌ಗಳು ಸವೆದು ಬಂದರೆ ಅವನ್ನು ಉಜ್ಜಿ ನುಣುಪು ಮಾಡಿ ವಾಪಸ್ ಕಳಿಸುವುದು ನಮ್ಮ ಕೆಲಸ. ಒಂದು ಬೇಸಿಗೆಯಲ್ಲಿ ಹೊಸ ಗ್ರೈಂಡಿಂಗ್ ಮಷಿನ್ ಜೋಡಿಸಿಕೊಡಲು ಝೆಕ್ ದೇಶದಿಂದ ಒಬ್ಬ ಎಂಜಿನಿಯರ್ ಬಂದರು. ಐವತ್ತು ದಾಟಿದವರು. ಏಳು ವಾರ ನಮ್ಮ ಜೊತೆಗಿದ್ದರು. ಏಪ್ರಿಲ್ ಬಿಸಿಲಿಗೆ ಮುಖ ಕೆಂಪಗಾಗಿ ಸಿಪ್ಪೆ ಎದ್ದರೂ ಬೆಳಿಗ್ಗೆ ನಮ್ಮ ಜೊತೆ ನಿಂತು ಒಗ್ಗಾಣಿ ಮಿರ್ಚಿ ತಿನ್ನುತ್ತಿದ್ದರು. ಅವರ ಊರು ಪ್ರಾಗ್ ಪಕ್ಕದ ಕ್ಲಾದ್ನೋ. ಅದೂ ನಮ್ಮ ಹಾಗೆ ಉಕ್ಕಿನ ಊರು. ಕಲ್ಲಿದ್ದಲು ಸಿಕ್ಕಿತು, ಕುಲುಮೆ ಬಂತು, ಊರು ಬೆಳೆಯಿತು. ಅಲ್ಲಿನ ಪೋಲ್ದಿ ಉಕ್ಕಿನ ಕಾರ್ಖಾನೆ ಶುರುವಾದದ್ದು 1889ರಲ್ಲಿ. ಕಟ್ಟಿಸಿದ ಕಾರ್ಲ್ ವಿಟ್‌ಗೆನ್‌ಸ್ಟೈನ್ ಹೆಂಡತಿ ಲಿಯೊಪೋಲ್ದಿನೆಯ ಮುದ್ದಿನ ಹೆಸರನ್ನೇ ಅದಕ್ಕೆ ಇಟ್ಟರಂತೆ. ನಮ್ಮ ಎಂಜಿನಿಯರ್ ಅವರ ತಂದೆ ಅಲ್ಲಿಯೇ ದುಡಿದವರು. 1990ರ ದಶಕದಲ್ಲಿ ಆ ಕಾರ್ಖಾನೆ ಕುಸಿದುಬಿತ್ತು. "ನಮ್ಮಪ್ಪನ ಕಾಲದ್ದರಲ್ಲಿ ಊರಿಗೆ ಉಳಿದದ್ದು ಹಾಕಿ ಒಂದೇ" ಎಂದು ಹೇಳಿ ಸುಮ್ಮನಾಗಿದ್ದರು.

ಹೊರಡುವ ದಿನ ಬ್ಯಾಗಿನಿಂದ ಈ ಪಕ್ ತೆಗೆದು ನನ್ನ ಕೈಯಲ್ಲಿಟ್ಟರು. ಅದರ ಮೇಲೆ ಕ್ಲಾದ್ನೋ ಕ್ಲಬ್ಬಿನ ಗುರುತು ಅರ್ಧ ಅಳಿಸಿತ್ತು. "ಇದು ಯಾಗರ್ ಕ್ಲಬ್ಬಿನದು" ಅಂದರು. ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿ ನೋಡಿ ನಾನು "ಜಾಗರ್" ಎಂದೆ. ಅವರು ಎರಡು ಸಲ ತಿದ್ದಿದರು: ಯಾರೊಮಿರ್ ಯಾಗರ್. ಝೆಕ್ ದೇಶದ ಹೆಸರಾಂತ ಐಸ್ ಹಾಕಿ ಆಟಗಾರ.

ನಮ್ಮ ಕಾಲೊನಿಯ ಕನ್ನಡ ಸಂಘದವರು ಪ್ರತಿ ರಾಜ್ಯೋತ್ಸವಕ್ಕೆ ಒಂದು ಸಣ್ಣ ಸಂಚಿಕೆ ತರುತ್ತಾರೆ. ಕ್ರೀಡೆಯ ಪುಟ ನನ್ನ ಪಾಲಿಗೆ ಬರುತ್ತದೆ. ಆ ವರ್ಷ ಕ್ರಿಕೆಟ್ ಬಿಟ್ಟು ಯಾಗರ್ ಬಗ್ಗೆ ಬರೆಯುತ್ತೇನೆ ಅಂತ ಒಪ್ಪಿಕೊಂಡೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ಶಿಫ್ಟುಗಳ ನಡುವೆ ಸಿಕ್ಕ ಹೊತ್ತಿನಲ್ಲಿ ಬರೆದೆ. ಹಿಮ ನೋಡದವನು, ಐಸ್ ಮೇಲೆ ಕಾಲಿಡದವನು ಒಬ್ಬ ಐಸ್ ಹಾಕಿ ಫಾರ್ವರ್ಡ್‌ನ ಆಟದ ಬದುಕನ್ನು ಕನ್ನಡದಲ್ಲಿ ಬರೆಯುವುದು ಎಂದರೇನು ಅಂತ ಆ ಆರು ತಿಂಗಳಲ್ಲಿ ಗೊತ್ತಾಯಿತು.

ಮೊದಲ ಸಲ ಬರೆದದ್ದು ಎರಡು ಪುಟ. ಇಸವಿ, ಕ್ಲಬ್, ಪಂದ್ಯ, ಗೋಲು. ಇಸವಿ, ಕ್ಲಬ್, ಪಂದ್ಯ, ಗೋಲು. 1972ರ ಫೆಬ್ರುವರಿ 15ರಂದು ಜನನ. ಹದಿನಾರಕ್ಕೆ ಕ್ಲಾದ್ನೋ ಪರವಾಗಿ ಚೆಕೊಸ್ಲೊವಾಕಿಯಾದ (ಝೆಕ್ ದೇಶ ಆಗ ಅದರೊಳಗಿತ್ತು) ಅಗ್ರ ಲೀಗ್. ಅಮೆರಿಕ, ಕೆನಡಾಗಳ ಎನ್‌ಎಚ್‌ಎಲ್ ಲೀಗಿನಲ್ಲಿ 9 ತಂಡ, 1733 ಪಂದ್ಯ, 766 ಗೋಲು, 1155 ಅಸಿಸ್ಟ್, ಒಟ್ಟು 1921 ಪಾಯಿಂಟ್. ಬೇಸಿಗೆ ರಜೆಗೆ ಬಳ್ಳಾರಿಯಿಂದ ಅಕ್ಕನ ಮಗಳು ಬಂದಿದ್ದಳು. ಒಂಬತ್ತನೇ ಕ್ಲಾಸಿಗೆ ಹೋಗುವವಳು, ಶಾಲೆಯ ಹಾಕಿ ತಂಡದಲ್ಲಿ ರೈಟ್ ವಿಂಗ್ ಆಡುತ್ತಾಳೆ. ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಮಾಮಾ, ಇದು ಮಾರ್ಕ್ಸ್ ಕಾರ್ಡ್ ಇದ್ದಂಗೈತೆ. ಆ ಮನುಷ್ಯ ಎಲ್ಲಿ?" ಅಂದಳು.

ಆ ಎರಡು ಪುಟ ಹರಿದು ಹಾಕಿದೆ. ಬರಹ ನಿಜವಾಗಿ ಶುರುವಾದದ್ದು ಅಲ್ಲಿಂದ.

ಆಟದ ಮಾತು ಮೊದಲು ನನ್ನ ಬಾಯಿಗೆ ಬರಬೇಕಿತ್ತು. ಪಕ್ ಅನ್ನು ಆಟಕ್ಕೆ ಮುಂಚೆ ಫ್ರೀಜ್ ಮಾಡುತ್ತಾರೆ ಎಂದು ಓದಿದ್ದೆ. ಯಾಕೆ ಅನ್ನುವುದನ್ನು ಓದಿ ಬರೆಯುವುದು ಬೇಡ ಅನಿಸಿತು. ಒಂದು ಭಾನುವಾರ ಮಧ್ಯಾಹ್ನ, ಹೊರಗೆ 42 ಡಿಗ್ರಿ, ನಾನೂ ಹುಡುಗಿಯೂ ಮನೆಯ ಕಡಪ ಕಲ್ಲಿನ ನೆಲದ ಮೇಲೆ ಕೂತೆವು. ಮೊದಲು ಬಿಸಿಲಿನಲ್ಲಿಟ್ಟಿದ್ದ ಪಕ್ ಅನ್ನು ಅಂಚಿನ ಮೇಲೆ ಬೀಳಿಸಿದಳು. ಮೊಣಕಾಲೆತ್ತರ ಪುಟಿದು ಗೋದ್ರೆಜ್ ಬೀರುವಿಗೆ ಬಡಿಯಿತು. ಆಮೇಲೆ ಅದನ್ನೇ ಫ್ರೀಜರ್‌ನಲ್ಲಿಟ್ಟು ಸಂಜೆ ತೆಗೆದೆವು. ಕೈಗೆ ಅಂಟುವಷ್ಟು ತಂಪು, ಮೈಮೇಲೆ ಬಿಳೀ ಪುಡಿಯಂಥ ಹಿಮ. ಈಗ ಬೀಳಿಸಿದರೆ ಮರದ ತುಂಡು ಬಿದ್ದಂತೆ ಠಪ್ ಎಂದು ಕೂತಿತು. ತನ್ನ ಹಾಕಿ ಸ್ಟಿಕ್ಕಿನಿಂದ ಮೆಲ್ಲಗೆ ತಳ್ಳಿದಳು. ಪುಟಿಯಲಿಲ್ಲ, ಹೊರಳಲಿಲ್ಲ. ನೆಲಕ್ಕೆ ಅಂಟಿಕೊಂಡೇ ಜಾರುತ್ತಾ ಪಡಸಾಲೆಯಿಂದ ಅಡುಗೆಮನೆ ಹೊಸ್ತಿಲವರೆಗೆ ಹೋಗಿ ನಿಂತಿತು. ಹಿಂದೆ ಕಲ್ಲಿನ ಮೇಲೆ ಒಂದು ಒದ್ದೆ ಗೆರೆ. ಆ ಸೆಕೆಗೆ ಗೆರೆ ನೋಡುನೋಡುತ್ತಲೇ ಆರಿಹೋಯಿತು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಇನ್ನೊಂದು ಸಲ ಬಿಡವ್ವಾ, ನೋಡೋಣ" ಅಂದಳು. ಅವತ್ತಿನಿಂದ ಅದು ಫ್ರೀಜರ್‌ನಲ್ಲೇ ಇದೆ.

ಶಿಫ್ಟ್ ಎಂಬ ಮಾತಿಗೆ ಕನ್ನಡ ಹುಡುಕುವ ಕಷ್ಟ ನನಗೆ ಬರಲಿಲ್ಲ. ಐಸ್ ಹಾಕಿಯಲ್ಲಿಯೂ ಅದನ್ನು ಶಿಫ್ಟ್ ಅಂತಲೇ ಕರೆಯುತ್ತಾರೆ. ಗೋಲ್ ಕೀಪರನ್ನು ಬಿಟ್ಟರೆ ಒಂದು ಕಡೆ ಐದು ಜನ: ಇಬ್ಬರು ಡಿಫೆನ್ಸ್, ಮೂವರು ಫಾರ್ವರ್ಡ್. ಆ ಮೂವರಲ್ಲಿ ನಡುವೆ ಸೆಂಟರ್, ಎರಡೂ ಬದಿಗೆ ವಿಂಗ್. ಯಾಗರ್ ರೈಟ್ ವಿಂಗ್. ನಮ್ಮ ಹುಡುಗಿಯೂ ಅದೇ ಜಾಗದವಳು ಎಂದು ಗೊತ್ತಾದಾಗ ಅವಳು ಹಿಗ್ಗಿದ್ದನ್ನು ನೋಡಬೇಕಿತ್ತು. ಅಷ್ಟು ವೇಗದಲ್ಲಿ ಸ್ಕೇಟ್ ಮಾಡುತ್ತಾ ಒಬ್ಬ ಫಾರ್ವರ್ಡ್ ಪೂರ್ತಿ ಬಲ ಹಾಕಿ ಆಡಬಲ್ಲದ್ದು ಸುಮಾರು ಮುಕ್ಕಾಲು ನಿಮಿಷ. ಅಷ್ಟರಲ್ಲಿ ಬೆಂಚಿಗೆ ಬಂದುಬಿಡಬೇಕು, ಇನ್ನೊಬ್ಬ ಒಳಗೆ ಹೋಗಬೇಕು. ಆಟ ನಿಲ್ಲುವುದೇ ಇಲ್ಲ. ಬರುವವನು ಬೆಂಚಿನ ಹತ್ತಿರ ಮುಟ್ಟುವ ಮುಂಚೆ ಹೋಗುವವನು ಇಳಿದು ಆಟಕ್ಕೆ ಕೈ ಹಾಕಿದರೆ ಜನ ಹೆಚ್ಚಾದರು ಅಂತ ತಂಡಕ್ಕೆ ಎರಡು ನಿಮಿಷದ ಶಿಕ್ಷೆ. ನಮ್ಮಲ್ಲಿ ಇದರ ತಿರುವುಮುರುವು: ರಿಲೀವರ್ ಬಂದು ನಿಲ್ಲುವವರೆಗೆ ಜಾಗ ಬಿಡುವಂತಿಲ್ಲ. ಇಷ್ಟು ಬರೆದದ್ದನ್ನು ಬಿ ಶಿಫ್ಟಿನ ಗೆಳೆಯರಿಗೆ ಓದಿದಾಗ ಐಸ್ ಹಾಕಿ ಅಂದರೇನು ಅಂತ ಮತ್ತೆ ಯಾರೂ ಕೇಳಲಿಲ್ಲ.

ಆ ಹುಡುಗ ಎಲ್ಲಿಂದ ಬಂದ ಅನ್ನುವುದಕ್ಕೆ 68 ಎಂಬ ಅಂಕಿ ದಾರಿ ತೋರಿಸಿತು. ಎನ್‌ಎಚ್‌ಎಲ್ ಆಟದ ಉದ್ದಕ್ಕೂ ಅವರ ಬೆನ್ನ ಮೇಲಿದ್ದ ಸಂಖ್ಯೆ. 1968ರ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. ಯಾಗರ್ ಅವರ ಅಜ್ಜ ರೈತ. ಸರ್ಕಾರ ಹೊಲ ಕಿತ್ತುಕೊಂಡಾಗ ವಿರೋಧಿಸಿ ಜೈಲು ಕಂಡವರು, ತೀರಿಕೊಂಡದ್ದೂ ಅದೇ 1968ರಲ್ಲಿ. ಮೊಮ್ಮಗ ಹುಟ್ಟಿದ್ದು ಅದಾಗಿ ನಾಲ್ಕು ವರ್ಷಕ್ಕೆ. ಕಾಣದ ಅಜ್ಜನ ಸಂಕಟದ ಇಸವಿಯನ್ನು ಬೆನ್ನಿಗೆ ಹೊತ್ತು ಆಡಿದರು. ಏಳರ ವಯಸ್ಸಿನಿಂದಲೇ ದಿನಕ್ಕೆ ಸಾವಿರ ಬೈಠಕ್ ಹೊಡೆಯುತ್ತಿದ್ದರಂತೆ. ನಮ್ಮ ಗರಡಿಮನೆ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ತೊಡೆಗಳ ಮೇಲೆಯೇ ಆಮೇಲಿನ ಆಟವೆಲ್ಲ ನಿಂತದ್ದು. ಎದುರಾಳಿಗೆ ಬೆನ್ನು ಕೊಟ್ಟು, ನೆಲಕ್ಕೆ ಬಾಗಿ, ಪಕ್ ಅನ್ನು ಮುಂದೆ ಚಾಚಿದ ಸ್ಟಿಕ್ಕಿನಲ್ಲಿ ಹಿಡಿದು ನಿಂತರೆ ಅದನ್ನು ಕಿತ್ತುಕೊಳ್ಳುವುದು ಆಗದ ಮಾತು. ಹಳೆಯ ವಿಡಿಯೊಗಳಲ್ಲಿ ಆ ಒಂದು ಭಂಗಿಯನ್ನು ನಾವಿಬ್ಬರೂ ನಿಲ್ಲಿಸಿ ನಿಲ್ಲಿಸಿ ನೋಡಿದೆವು.

1990ರಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡ ಡ್ರಾಫ್ಟ್‌ನಲ್ಲಿ ಐದನೆಯವರಾಗಿ ಇವರನ್ನು ಆರಿಸಿತು. ಡ್ರಾಫ್ಟ್ ಎಂದರೆ ಐಪಿಎಲ್ ಹರಾಜಿನಂಥದ್ದು ಅಂತ ಮೊದಲು ಬರೆದುಬಿಟ್ಟಿದ್ದೆ. ತಪ್ಪು. ಅಲ್ಲಿ ಯಾರೂ ದುಡ್ಡು ಕೂಗುವುದಿಲ್ಲ. ಹಿಂದಿನ ವರ್ಷ ಸೋತು ಕೆಳಗಿದ್ದ ತಂಡಕ್ಕೆ ಹೊಸ ಹುಡುಗರನ್ನು ಮೊದಲು ಆರಿಸಿಕೊಳ್ಳುವ ಹಕ್ಕು. ನನಗೆ ಈ ಪದ್ಧತಿ ಹರಾಜಿಗಿಂತ ಮಾನವಂತವಾಗಿ ಕಂಡಿತು. 1989ರ ನವೆಂಬರಿನಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟ್ ಆಡಳಿತ ಮುಗಿದಿತ್ತು. ಅದಕ್ಕೆ ಮುಂಚೆ ಅಲ್ಲಿನ ಆಟಗಾರರು ಅಮೆರಿಕದಲ್ಲಿ ಆಡಬೇಕೆಂದರೆ ಎಷ್ಟೋ ಸಲ ದೇಶ ಬಿಟ್ಟು ಓಡಿಹೋಗಬೇಕಿತ್ತು, ಮತ್ತೆ ಊರು ಕಾಣುವ ಆಸೆ ಬಿಡಬೇಕಿತ್ತು. ಈ ಹದಿನೆಂಟರ ಹುಡುಗ ಮುಂಬಾಗಿಲಿನಿಂದಲೇ ಹೊರಟ.

ಪಿಟ್ಸ್‌ಬರ್ಗ್ ಕೂಡ ಉಕ್ಕಿನ ಊರು. ಕ್ಲಾದ್ನೋದಿಂದ ಪಿಟ್ಸ್‌ಬರ್ಗಿಗೆ, ಕುಲುಮೆಯ ಊರಿಂದ ಕುಲುಮೆಯ ಊರಿಗೆ. ಆದರೂ ಹುಡುಗನಿಗೆ ಅಲ್ಲಿ ಮಾತಾಡಲು ಜನ ಇಲ್ಲ, ಇಂಗ್ಲಿಷ್ ಬಾರದು, ಊರಿನ ನೆನಪು. ಆಗ ತಂಡದವರು ಏನು ಮಾಡಿದರು ಅನ್ನುವುದು ಇಡೀ ಕಥೆಯಲ್ಲಿ ನನಗೆ ತುಂಬ ಪ್ರೀತಿಯ ಭಾಗ. ಡಿಸೆಂಬರಿನಲ್ಲಿ ಕ್ಯಾಲ್ಗರಿ ತಂಡದಿಂದ ಯಿರ್ಜಿ ಹರ್ದಿನಾ ಎಂಬ ಹಿರಿಯ ಝೆಕ್ ಆಟಗಾರರನ್ನು ಕರೆಸಿಕೊಂಡರು. ಅವರೂ ಆಡಬಲ್ಲವರೇ, ಆದರೆ ಹುಡುಗನ ಜೊತೆ ಅವನ ಭಾಷೆಯಲ್ಲಿ ಮಾತಾಡಲು ಒಬ್ಬರು ಬೇಕಿತ್ತು. ಒಡಿಶಾ, ಬಿಹಾರಗಳಿಂದ ಹದಿನೆಂಟು ಹತ್ತೊಂಬತ್ತಕ್ಕೆ ನಮ್ಮಲ್ಲಿಗೆ ಬರುವ ಹುಡುಗರು ಮೊದಲ ಮೂರು ತಿಂಗಳಲ್ಲಿ ಹೇಗೆ ಸೊರಗುತ್ತಾರೆ ಅಂತ ಬಲ್ಲೆ. ಒಬ್ಬ ಊರಿನವನು ಸಿಕ್ಕರೆ ಮುಖ ಅರಳುವುದನ್ನೂ ಕಂಡಿದ್ದೇನೆ. ಆ ಭಾಗ ಒಂದೇ ಕೂರಿಕೆಯಲ್ಲಿ ಬರೆದೆ, ಮತ್ತೆ ತಿದ್ದಲಿಲ್ಲ. ಆ ಮೊದಲ ಸೀಸನ್ನಿನಲ್ಲೇ ಯಾಗರ್ 27 ಗೋಲು ಹೊಡೆದರು. 1991ರಲ್ಲೂ 1992ರಲ್ಲೂ ತಂಡ ಸ್ಟ್ಯಾನ್ಲಿ ಕಪ್, ಅಂದರೆ ಆ ಲೀಗಿನ ಚಾಂಪಿಯನ್ ಕಪ್, ಗೆದ್ದಿತು. ನಾಯಕ ಮಾರಿಯೋ ಲೆಮ್ಯು. ಯಾರೊಮಿರ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದೆಮುಂದೆ ಮಾಡಿದರೆ "ಮಾರಿಯೋ ಜೂನಿಯರ್" (Mario Jr) ಅಂತಾಗುತ್ತದೆ ಎಂದು ಅಲ್ಲಿನ ಅಭಿಮಾನಿಗಳು ಕಂಡುಹಿಡಿದಿದ್ದರು.

ಅಸಿಸ್ಟ್ ಎಂಬ ಮಾತಿಗೆ ಬಂದಾಗ ನನ್ನ ಪೆನ್ನು ನಿಂತಿತು. ಸಹಾಯ ಎಂದು ಬರೆದರೆ ಉಪಕಾರ ಮಾಡಿದಂತೆ ಆಗುತ್ತದೆ. ನೆರವು ಅಂದರೂ ಅಷ್ಟೇ. ಗೋಲಿಗೆ ಮುಂಚಿನ ಪಾಸ್ ಕೊಟ್ಟವನಿಗೆ ಸಿಗುವ ಲೆಕ್ಕ ಅದು. ಐಸ್ ಹಾಕಿಯಲ್ಲಿ ಒಂದು ಗೋಲಿಗೆ ಒಂದು ಪಾಯಿಂಟ್, ಪಾಸ್ ಕೊಟ್ಟವನಿಗೂ ಒಂದು ಪಾಯಿಂಟ್. ಅವನಿಗೆ ಪಾಸ್ ಕೊಟ್ಟವನಿದ್ದರೆ ಅವನಿಗೂ ಒಂದು. ಮೂವರ ಹೆಸರೂ ದಾಖಲೆಗೆ ಹೋಗುತ್ತದೆ. ಇದನ್ನು ಕೇಳಿದ ಹುಡುಗಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

"ಸರಿಸಮನಾಗಿ ಒಂದೊಂದೇ?"

"ಒಂದೊಂದೇ. ಹೆಚ್ಚಿಲ್ಲ, ಕಡಿಮೆ ಇಲ್ಲ."

"ಹಿಂದಿನ ಪಾಸಿಗೂ?"

"ಅದಕ್ಕೂ."

ಆಮೇಲೆ ಹೇಳಿದಳು. ಹಿಂದಿನ ವರ್ಷ ಒಂದು ಪಂದ್ಯದಲ್ಲಿ ತಂಡ ಮೂರು ಗೋಲು ಹೊಡೆದಿತ್ತು. ಮೂರಕ್ಕೂ ಬಲಬದಿಯಿಂದ ಪಾಸ್ ಕೊಟ್ಟವಳು ಇವಳು. ಬಹುಮಾನ ಕೊಡುವಾಗ ಗೋಲು ಹೊಡೆದ ಹುಡುಗಿಯನ್ನು ಕರೆದರು, ಶಾಲೆಯ ಬೋರ್ಡಿನ ಮೇಲೆ ಅವಳ ಹೆಸರು ಬರೆದರು. "ಅವಳು ನನ್ನ ಗೆಳತಿನೇ ಮಾಮಾ, ನನಗೇನು ಹೊಟ್ಟೆಕಿಚ್ಚಿಲ್ಲ. ಆದ್ರ ನಾನು ಅವತ್ತು ಮೈದಾನದಾಗ ಇದ್ದೆ ಅಂತ ಎಲ್ಲೂ ಬರೆದಿಲ್ಲ." ಅವಳ ಕಣ್ಣು ತುಂಬಿತ್ತು. ಒಂದು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು.

ಅಂದಿನಿಂದ ನಾನು ಯಾಗರ್ ಅವರ ಅಂಕಿಗಳನ್ನು ಬೇರೆ ಕಣ್ಣಿನಿಂದ ನೋಡಲು ಶುರು ಮಾಡಿದೆ. 766 ಗೋಲು ಎಲ್ಲರೂ ಹೇಳುತ್ತಾರೆ. 1155 ಸಲ ಬೇರೆಯವರ ಗೋಲಿಗೆ ದಾರಿ ಮಾಡಿಕೊಟ್ಟಿದ್ದಾರೆ, ಅದು ಗೋಲಿಗಿಂತ ದೊಡ್ಡ ಲೆಕ್ಕ. ಲೀಗಿನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದವರಿಗೆ ಆರ್ಟ್ ರಾಸ್ ಟ್ರೋಫಿ ಕೊಡುತ್ತಾರೆ. 1995ರಲ್ಲಿ ಯಾಗರ್ ಮತ್ತು ಎರಿಕ್ ಲಿಂಡ್ರೋಸ್ ಇಬ್ಬರದೂ 70 ಪಾಯಿಂಟ್. ಗೋಲು ಹೆಚ್ಚಿದ್ದ ಕಾರಣ ಟ್ರೋಫಿ ಯಾಗರ್‌ಗೆ ಬಂತು. 2006ರಲ್ಲಿ ಇದಕ್ಕೆ ಉಲ್ಟಾ ಆಯಿತು. ನ್ಯೂಯಾರ್ಕ್ ರೇಂಜರ್ಸ್ ಪರ ಯಾಗರ್ 54 ಗೋಲು, 69 ಅಸಿಸ್ಟ್, ಒಟ್ಟು 123. ಜೋ ಥಾರ್ನ್‌ಟನ್ ಹೊಡೆದದ್ದು ಬರೀ 29 ಗೋಲು. ಆದರೆ 96 ಅಸಿಸ್ಟ್, ಒಟ್ಟು 125. ಟ್ರೋಫಿ ಥಾರ್ನ್‌ಟನ್‌ಗೆ. ನಮ್ಮ ನಾಯಕ ಸೋತ ವರ್ಷವನ್ನು ಹುಡುಗಿ ಚಪ್ಪಾಳೆ ತಟ್ಟಿ ಸ್ವಾಗತಿಸಿದಳು. ಪಾಯಿಂಟ್ ಪಟ್ಟಿಯಲ್ಲಿ ಯಾಗರ್‌ಗಿಂತ ಮೇಲಿರುವವರು ಒಬ್ಬರೇ, ವೇನ್ ಗ್ರೆಟ್ಸ್ಕಿ. ಅವರ ಅಸಿಸ್ಟ್‌ಗಳೇ 1963. ಒಂದು ಗೋಲೂ ಹೊಡೆಯದೆ ಹೋಗಿದ್ದರೂ ಅವರು ಮೊದಲ ಸ್ಥಾನದಲ್ಲೇ ಇರುತ್ತಿದ್ದರು. ಇದನ್ನು ಅವಳು ತನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು. ಬರಹದಲ್ಲಿ ಆ ಮಾತನ್ನು ಕೊನೆಗೆ ಅಸಿಸ್ಟ್ ಎಂದೇ ಉಳಿಸಿದೆ. ಮೊದಲ ಸಲ ಬಂದ ಕಡೆ "ಗೋಲಿನ ಪಾಸ್" ಎಂದು ಬಿಡಿಸಿ ಹೇಳಿದೆ. ಅದು ಅವಳ ಮಾತು.

ಕ್ಲಬ್ಬಿನ ಆಟ, ದೇಶದ ಆಟ ಎರಡನ್ನೂ ಒಂದೇ ದಾರದಲ್ಲಿ ಪೋಣಿಸುವುದು ಕಷ್ಟವಾಯಿತು. ವಿಶ್ವ ಚಾಂಪಿಯನ್‌ಷಿಪ್ ಪ್ರತಿ ವರ್ಷ ವಸಂತದಲ್ಲಿ ನಡೆಯುತ್ತದೆ, ಅದೇ ಹೊತ್ತಿಗೆ ಎನ್‌ಎಚ್‌ಎಲ್‌ನ ಪ್ಲೇಆಫ್. ಕ್ಲಬ್ ಮುಂದೆ ಹೋದಷ್ಟೂ ಆಟಗಾರ ದೇಶಕ್ಕೆ ಸಿಗುವುದಿಲ್ಲ. ಒಲಿಂಪಿಕ್ಸ್‌ಗಾಗಿ ಎನ್‌ಎಚ್‌ಎಲ್ ಮೊದಲ ಸಲ ಆಟ ನಿಲ್ಲಿಸಿ ಎಲ್ಲರನ್ನೂ ಕಳಿಸಿದ್ದು 1998ರಲ್ಲಿ, ಜಪಾನಿನ ನಾಗಾನೊಗೆ. ಅಲ್ಲಿ ಝೆಕ್ ತಂಡ ಸೆಮಿಫೈನಲ್‌ನಲ್ಲಿ ಕೆನಡಾವನ್ನು ಶೂಟೌಟ್‌ನಲ್ಲಿ ಸೋಲಿಸಿತು, ಫೈನಲ್‌ನಲ್ಲಿ ರಷ್ಯಾವನ್ನು 1–0ಯಿಂದ. ಗೋಲು ಪೆಟ್ರ್ ಸ್ವೊಬೊದಾ ಅವರದು, ಗೋಲಿನ ಬಾಯಿ ಕಾದವರು ದೊಮಿನಿಕ್ ಹಾಶೆಕ್. ಯಾಗರ್ ಆ ಇಡೀ ಒಲಿಂಪಿಕ್ಸ್‌ನಲ್ಲಿ ಹೊಡೆದದ್ದು ಒಂದೇ ಗೋಲು, ಕೊಟ್ಟದ್ದು ನಾಲ್ಕು ಅಸಿಸ್ಟ್. ಎಂಜಿನಿಯರ್ ಹೇಳಿದ್ದರು, ಆ ಫೈನಲ್ ದಿನ ಬೆಳಗಿನ ಜಾವ ಇಡೀ ಕ್ಲಾದ್ನೋದಲ್ಲಿ ದೀಪ ಉರಿಯುತ್ತಿತ್ತಂತೆ.

ಒಂದು ಕಡೆ ನನ್ನ ಪಟ್ಟಿಯಲ್ಲಿ ಒಂದು ಸಾಲು ಖಾಲಿ ಉಳಿದಿತ್ತು: 2004–05. ಎರಡು ರಾತ್ರಿ ಹುಡುಕಿದೆ. ಕಾರಣ ತಿಳಿದಾಗ ನಮ್ಮವರಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ: ಲಾಕೌಟ್. ಆಟಗಾರರ ಸಂಬಳಕ್ಕೆ ಮಿತಿ ಹಾಕುವ ಜಗಳದಲ್ಲಿ ಕ್ಲಬ್ ಮಾಲೀಕರು ಬಾಗಿಲು ಹಾಕಿದರು, ಇಡೀ ಸೀಸನ್ ರದ್ದಾಯಿತು. ಯಾಗರ್ ಕ್ಲಾದ್ನೋಗೆ ಹಿಂತಿರುಗಿ ಆಡಿದರು, ಆಮೇಲೆ ಸೈಬೀರಿಯಾದ ಓಮ್‌ಸ್ಕ್ ನಗರದ ಕ್ಲಬ್‌ಗೆ. ಎಲ್ಲರೂ ಖಾಲಿ ಇದ್ದ ಕಾರಣ ಆ ಮೇ ತಿಂಗಳಲ್ಲಿ ವಿಯೆನ್ನಾದ ವಿಶ್ವ ಚಾಂಪಿಯನ್‌ಷಿಪ್‌ಗೆ ಎಲ್ಲ ದೇಶಗಳ ಒಳ್ಳೆಯ ಆಟಗಾರರೂ ಬಂದರು. ಯಾಗರ್ ಬೆರಳು ಮುರಿದುಕೊಂಡೇ ಆಡಿದರು. ಫೈನಲ್‌ನಲ್ಲಿ ಕೆನಡಾ ವಿರುದ್ಧ 3–0. ಒಲಿಂಪಿಕ್ ಚಿನ್ನ, ವಿಶ್ವ ಚಿನ್ನ, ಸ್ಟ್ಯಾನ್ಲಿ ಕಪ್ ಮೂರೂ ಕೈಗೆ ಬಂದವು.

2008ರಿಂದ ಮೂರು ವರ್ಷ ಮತ್ತೆ ಓಮ್‌ಸ್ಕ್‌ನಲ್ಲಿ. 2008ರ ಅಕ್ಟೋಬರಿನಲ್ಲೇ ಒಂದು ಪಂದ್ಯದ ಕೊನೆಗೆ ಅಲೆಕ್ಸಿ ಚೆರೆಪಾನೊವ್ ಎಂಬ ಹತ್ತೊಂಬತ್ತರ ಹುಡುಗ, ಯಾಗರ್ ಜೊತೆ ಆಡುತ್ತಿದ್ದವನು, ಬೆಂಚಿನ ಮೇಲೆ ಕುಸಿದು ತೀರಿಕೊಂಡ. ಇದನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹೊಡೆದು ಹಾಕಿದೆ. ಕಡೆಗೆ ಒಂದೇ ಸಾಲು ಉಳಿಸಿದೆ. ಜೊತೆಯಲ್ಲಿ ಶಿಫ್ಟ್ ಮಾಡುವವನನ್ನು ಕಳೆದುಕೊಂಡವರಿಗೆ ಆ ಸಾಲು ಸಾಕು.

2011 ಬಳ್ಳಾರಿಯವರು ಮರೆಯದ ವರ್ಷ. ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ರಾತ್ರಿ ಹಗಲು ಕೆಂಪು ಧೂಳೆಬ್ಬಿಸಿ ಓಡುತ್ತಿದ್ದ ಲಾರಿಗಳು ರಸ್ತೆ ಬದಿಗೆ ಸಾಲಾಗಿ ನಿಂತವು. ನಮ್ಮಣ್ಣನ ಲಾರಿಯೂ ಅದರಲ್ಲಿ ಒಂದು. ಟೈರಿನ ಸುತ್ತ ಹುಲ್ಲು ಬೆಳೆದದ್ದು ಕಣ್ಣಾರೆ ಕಂಡಿದ್ದೇನೆ. ಅದೇ 2011ರಲ್ಲಿ ಯಾಗರ್ ಕ್ಲಾದ್ನೋ ಕ್ಲಬ್ಬಿನ ಹೆಚ್ಚಿನ ಪಾಲು ತಾವೇ ಕೊಂಡರು. ಕಾರ್ಖಾನೆ ಸೊರಗಿದ ಊರಿನಲ್ಲಿ ಕ್ಲಬ್ ಮುಳುಗಬಾರದು ಅಂತ ಅವರು ಹಾಗೆ ಮಾಡಿದರು ಎಂದು ಎಂಜಿನಿಯರ್ ನಂಬುತ್ತಾರೆ. ನಾನೂ ನಂಬುತ್ತೇನೆ. ಆಮೇಲೆ ಅಮೆರಿಕ, ಕೆನಡಾಗಳಲ್ಲಿ ಫಿಲಡೆಲ್ಫಿಯಾದಿಂದ ಕ್ಯಾಲ್ಗರಿವರೆಗೆ ಊರೂರು ತಿರುಗಿ ಆಡಿ, 2018ರಲ್ಲಿ ಕ್ಲಾದ್ನೋಗೆ ಬಂದರು. ಐವತ್ತು ದಾಟಿದ ಮೇಲೂ ತಮ್ಮದೇ ಕ್ಲಬ್ಬಿನ ರೈಟ್ ವಿಂಗಿನಲ್ಲಿ ಆಡಿದರು. 2024ರ ಫೆಬ್ರುವರಿಯಲ್ಲಿ ಪಿಟ್ಸ್‌ಬರ್ಗ್ ತಂಡ 68ನೇ ಸಂಖ್ಯೆಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಮೇಲೆ ತೂಗುಹಾಕಿತು. ಆಗಲೂ ಅವರು ಕ್ಲಾದ್ನೋ ಆಟಗಾರರೇ.

ಸಂಚಿಕೆ ನವೆಂಬರ್ ಒಂದಕ್ಕೆ ಬಂತು, ನನ್ನದು ಆರು ಪುಟ. ಮೊದಲ ಪುಟದ ಫೋಟೊ ತೆಗೆದು ಎಂಜಿನಿಯರ್‌ಗೆ ಕಳಿಸಿದೆ. ಇದರಲ್ಲಿ ಕ್ಲಾದ್ನೋ ಎಲ್ಲಿದೆ ಎಂದು ಕೇಳಿದರು. ಆ ಎರಡು ಅಕ್ಷರದ ಸುತ್ತ ಕೆಂಪು ಗೆರೆ ಎಳೆದು ಮತ್ತೆ ಕಳಿಸಿದೆ.

ಡಿಸೆಂಬರಿನಲ್ಲಿ ಒಂದು ಸಂಜೆ ಬಳ್ಳಾರಿಯಿಂದ ಹುಡುಗಿ ತನ್ನ ನೋಟ್‌ಬುಕ್ಕಿನ ಒಂದು ಪುಟದ ಫೋಟೊ ಕಳಿಸಿದಳು. ಸ್ಕೇಲ್ ಇಟ್ಟು ಗೆರೆ ಹಾಕಿದ ಮೂರು ಕಾಲಂ: ಗೋಲು, ಗೋಲಿನ ಪಾಸ್, ಅದರ ಹಿಂದಿನ ಪಾಸ್. ಅವತ್ತಿನ ಪಂದ್ಯದ ಎರಡು ಗೋಲಿಗೂ ಮೂರು ಮೂರು ಹೆಸರು. ಎರಡನೇ ಕಾಲಂನಲ್ಲಿ ಒಂದು ಕಡೆ ಅವಳ ಹೆಸರೂ ಇತ್ತು. ಫೋನ್ ಮಾಡಿದೆ.

"ಮೂರನೇ ಕಾಲಂ ಬರೆಯೋದು ಕಷ್ಟ ಮಾಮಾ," ಅಂದಳು. "ಗೋಲು ಹೊಡೆದೋರು ಎಲ್ಲರಿಗೂ ನೆನಪಿರ್ತಾರ. ಹಿಂದಿನ ಪಾಸ್ ಯಾರದು ಅಂತ ಒಬ್ಬೊಬ್ಬರನ್ನೇ ಕೇಳ್ಕೊಂತ ಹೋದೆ. ಕಡೀಗೆ ನಮ್ಮ ಫುಲ್ ಬ್ಯಾಕ್, ಅವಳೇ ಬಂದು, ಅದು ನಂದು ಅಂದ್ಲು."